ಅಗ್ಗದ ಸಾಮಾನು, ಓಡುವ ನೆರಳು

ಚಲಿಸುವ ನೆರಳಿನ ಕಲೆಗೆ ಬೇಕಾದದ್ದು ಒಂದು ದೀಪ, ಒಂದು ಗೋಡೆ, ಇವೆರಡರ ನಡುವೆ ಒಂದು ವಸ್ತು. ಜೊತೆಗೆ ದೀಪವನ್ನೋ ವಸ್ತುವನ್ನೋ ಚಲಿಸುವಂತೆ ಮಾಡುವ ಮೋಟಾರು. ಆ ವಸ್ತುವನ್ನು ತಾವೇ ರೂಪಿಸದೆ, ಕಾರ್ಖಾನೆಯಿಂದ ರಾಶಿರಾಶಿಯಾಗಿ ಬರುವ ಆಟಿಕೆ, ಅಡುಗೆಮನೆಯ ಸಾಮಾನುಗಳನ್ನೇ ತಂದಿಟ್ಟವರು ಈ ಪರಂಪರೆಯ ಕಲಾವಿದರು.

ಇದರ ಹಿಂದಿನ ಹೆಜ್ಜೆಗಳು ಬೇರೆ ಬಗೆಯವು. ಹಂಗೇರಿ ಮೂಲದ ಲಾಸ್ಲೊ ಮೊಹೊಲಿ-ನಾಜ್ 1930ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ ಬೆಳಕಿನ ಯಂತ್ರದಲ್ಲಿ ತೂತು ಕೊರೆದ ಲೋಹದ ಫಲಕಗಳು ತಿರುಗುತ್ತ ಗೋಡೆಯ ಮೇಲೆ ನೆರಳು ಹಾಯಿಸುತ್ತಿದ್ದವು. ಆದರೆ ಅದು ಎಂಜಿನಿಯರಿಂಗ್ ನೆರವಿನಿಂದ ವಿಶೇಷವಾಗಿ ಕಟ್ಟಿದ ಯಂತ್ರ. ಫ್ರಾನ್ಸಿನ ಕ್ರಿಸ್ತಿಯಾನ್ ಬೋಲ್ತಾನ್‌ಸ್ಕಿ 1984ರ ಸುಮಾರಿಗೆ ರಟ್ಟು, ತಗಡು, ತಂತಿಗಳಿಂದ ಪುಟ್ಟ ಗೊಂಬೆಗಳನ್ನು ಮಾಡಿ ನೇತುಹಾಕಿದರು. ಸಾಮಗ್ರಿ ಬಡವಾಗಿತ್ತು, ನೆರಳು ಭಯ ಹುಟ್ಟಿಸುವಂತಿತ್ತು. ಆದರೂ ಗೊಂಬೆ ಕಲಾವಿದನ ಕೈಯದೇ.

ನಿಜವಾದ ತಿರುವು ಜರ್ಮನಿಯ ಹನ್ಸ್-ಪೀಟರ್ ಫೆಲ್ಡ್‌ಮನ್ ಅವರದು. 2002ರಲ್ಲಿ ಆರಂಭವಾಗಿ 2009ರ ವೆನಿಸ್ ಬಿನಾಲೆಯಲ್ಲೂ ಕಾಣಿಸಿಕೊಂಡ ಅವರ ‘ನೆರಳಾಟ’ದಲ್ಲಿ ಉದ್ದನೆಯ ಮೇಜಿನ ಮೇಲೆ ತಿರುಗುವ ತಟ್ಟೆಗಳು, ತಟ್ಟೆಗಳ ಮೇಲೆ ಆಟಿಕೆಗಳು, ಮನೆಬಳಕೆಯ ಚಿಲ್ಲರೆ ವಸ್ತುಗಳು. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಗೊಂಬೆಯೂ ಆಡಿಸುವವರೂ ಪರದೆಯ ಹಿಂದೆ; ಇಲ್ಲಿ ಮರೆಯೇ ಇಲ್ಲ. ಅಗ್ಗದ ಗೊಂಬೆ ಕಣ್ಣೆದುರೇ ಇದೆ, ಅದರ ಭೂತಾಕಾರದ ನೆರಳು ಗೋಡೆಯ ಮೇಲಿದೆ. ಗುಟ್ಟು ಬಯಲಾದ ಮೇಲೂ ಬೆರಗು ಉಳಿಯುವುದೇ ಈ ಕೃತಿಯ ಗೆಲುವು. ಕೊರತೆಯೂ ಇದೆ: ತಟ್ಟೆ ಒಂದು ಸುತ್ತು ಮುಗಿಸಿದರೆ ನೋಡುವುದಕ್ಕೆ ಹೊಸದೇನೂ ಉಳಿಯುವುದಿಲ್ಲ.

ಈ ಕೊರತೆ ನೀಗಿದ್ದು ಜಪಾನಿನ ರ್ಯೋತಾ ಕುವಾಕುಬೊ ಅವರ ‘ಹತ್ತನೆಯ ಭಾವ’ (2010) ಎಂಬ ಕೃತಿಯಲ್ಲಿ. ಇಲ್ಲಿ ವಸ್ತುಗಳು ನಿಂತಲ್ಲೇ ನಿಂತಿವೆ, ಚಲಿಸುವುದು ದೀಪ. ಕತ್ತಲ ಕೋಣೆಯಲ್ಲಿ ಆಟಿಕೆ ರೈಲೊಂದು ಪುಟ್ಟ ಎಲ್‌ಇಡಿ ದೀಪ ಹೊತ್ತು ನಿಧಾನವಾಗಿ ಸಾಗುತ್ತದೆ. ದೀಪ ಚುಕ್ಕೆಯಷ್ಟು ಚಿಕ್ಕದಾದ್ದರಿಂದ ನೆರಳಿನ ಅಂಚು ಚೂಪು. ದೀಪದಿಂದ 10 ಸೆಂಟಿಮೀಟರ್ ದೂರದ ಪೆನ್ಸಿಲು 2 ಮೀಟರ್ ದೂರದ ಗೋಡೆಯ ಮೇಲೆ 20 ಪಟ್ಟು ದೊಡ್ಡದಾಗಿ ಬೀಳುತ್ತದೆ. ಸಾಲಾಗಿ ನಿಲ್ಲಿಸಿದ ಪೆನ್ಸಿಲುಗಳು ಕಂಬಗಳಾಗುತ್ತವೆ. ಹಳಿಗೆ ಹತ್ತಿರದ ವಸ್ತುವಿನ ನೆರಳು ಸರ್ರನೆ ಹಾಯುತ್ತದೆ, ದೂರದ ವಸ್ತುವಿನದು ಮೆಲ್ಲಗೆ ಸರಿಯುತ್ತದೆ. ರೈಲಿನ ಕಿಟಕಿಯಲ್ಲಿ ಕುಳಿತವರಿಗೆ ಊರುಗಳು ಕಾಣುವುದೂ ಹೀಗೆಯೇ. ತೂತುತೂತಿನ ಬುಟ್ಟಿಯೊಳಗೆ ರೈಲು ನುಗ್ಗಿದಾಗ ಅದರ ಜಾಲ ಗೋಡೆ, ಚಾವಣಿಗಳನ್ನೆಲ್ಲ ಆವರಿಸಿ, ನೋಡುವವರೇ ಬುಟ್ಟಿಯ ಒಳಗಿರುವಂತಾಗುತ್ತದೆ. ಪಯಣ ಸಾಗುವುದರಿಂದ ಕೃತಿಗೆ ಆದಿ, ಅಂತ್ಯ ಎರಡೂ ದಕ್ಕಿವೆ.

ಅಗ್ಗದ ಸಾಮಾನು ಇಲ್ಲಿ ಬರೀ ಮಿತವ್ಯಯವಲ್ಲ. ಬುಟ್ಟಿ, ಬಟ್ಟೆಯ ಕ್ಲಿಪ್ಪು ಎಲ್ಲರಿಗೂ ಗೊತ್ತಿರುವುದರಿಂದಲೇ ಅವು ಗೋಪುರ, ಸೇತುವೆಗಳಾಗುವುದು ಬೆರಗಾಗುತ್ತದೆ. ಅಪರಿಚಿತ ವಸ್ತುವಿನಿಂದ ಅದು ಸಾಧ್ಯವಿಲ್ಲ. ಆದರೆ ನೆರಳು ವಸ್ತುವಿನ ಬೆಲೆಯ ಜೊತೆಗೆ ಅದನ್ನು ಮಾಡಿದವರ ದುಡಿಮೆಯನ್ನೂ ಅಳಿಸುತ್ತದೆ. ಕಾರ್ಖಾನೆಯ ಲೋಕವನ್ನೇ ಬಳಸಿಕೊಂಡ ಈ ಪರಂಪರೆ ಆ ಲೋಕದ ಬಗ್ಗೆ ಬಹುತೇಕ ಮೌನವಾಗಿದೆ, ಮತ್ತು ಇದು ಸಣ್ಣ ದೋಷವಲ್ಲ. ಕುವಾಕುಬೊ ಮುಂದೆ ಜಪಾನಿನ ಎಚಿಗೊ-ತ್ಸುಮಾರಿ ಪ್ರದೇಶಕ್ಕಾಗಿ ಮಾಡಿದ ಕೃತಿಯಲ್ಲಿ ಅಲ್ಲಿನ ಜನ ಬಳಸುತ್ತಿದ್ದ ಸಲಕರಣೆಗಳನ್ನು ಹಳಿಯ ಪಕ್ಕದಲ್ಲಿ ಇಟ್ಟಾಗ, ನೆರಳಿಗೆ ಒಂದು ಊರಿನ ಬದುಕೂ ಸೇರಿತು. ಈ ಪರಂಪರೆ ಬೆಳೆಯಬೇಕಾದ ದಿಕ್ಕು ಅದೇ.