ಕಲ್ಲಿನ ಕೋಟೆಯಲ್ಲಿ ಒಂದು ಪಾಠ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಸೊಗಸು ತಿಳಿಯಬೇಕೆಂದರೆ ಶಾಲಾ ಮಕ್ಕಳ ಜೊತೆ ಹತ್ತಬೇಕು. ದೊಡ್ಡವರು ಗೋಡೆಯ ಎತ್ತರಕ್ಕೆ ಬೆರಗಾಗಿ ಮುಂದೆ ಸಾಗುತ್ತಾರೆ. ಮಕ್ಕಳು ಕಲ್ಲು ಸವರುತ್ತಾರೆ, ಕಿಂಡಿಯಲ್ಲಿ ಇಣುಕುತ್ತಾರೆ, "ಇದು ಹೀಗ್ಯಾಕಿದೆ ಮೇಷ್ಟ್ರೇ?" ಎನ್ನುತ್ತಾರೆ. ಉತ್ತರವನ್ನು ಬಾಯಲ್ಲಿ ಹೇಳಿ ಮುಗಿಸದೆ ಅವರಿಂದಲೇ ಮಾಡಿಸಿ ಕಾಣಿಸುವ ಮೇಷ್ಟ್ರು ಸಿಕ್ಕರೆ, ಯುದ್ಧದ ಇತಿಹಾಸದಷ್ಟು ರಸವತ್ತಾದ ಪಾಠ ಇನ್ನೊಂದಿಲ್ಲ.

ಮೊದಲು ಬಾಗಿಲುಗಳನ್ನೇ ನೋಡಿ. ಹಾದಿ ನೇರವಾಗಿ ಸಾಗುವುದೇ ಇಲ್ಲ. ಎತ್ತರದ ಗೋಡೆಗಳ ನಡುವೆ ಮತ್ತೆ ಮತ್ತೆ ಹೊರಳುತ್ತದೆ. ನಾಲ್ಕೈದು ಮಕ್ಕಳು ಒಬ್ಬರ ಹಿಂದೊಬ್ಬರು ಸೊಂಟ ಹಿಡಿದು ಆನೆಯಾಗುತ್ತಾರೆ. ಬಯಲಿನಲ್ಲಿ ಆ ಆನೆಯ ನಡಿಗೆ ಬಲು ಜೋರು. ತಿರುವಿಗೆ ಬಂದೊಡನೆ ಹಿಂದಿನವರು ಎಳೆದಂತಾಗಿ, ಮುಂದಿನವರು ತಡವರಿಸಿ, ಬಾಗಿಲು ಮುಟ್ಟುವ ಹೊತ್ತಿಗೆ ಬಲವೆಲ್ಲ ಸೋರಿಹೋಗಿರುತ್ತದೆ. ಕದ ಮುರಿಯಲು ಬಂದ ಆನೆಗೆ ಓಡಿ ಬಂದು ಗುದ್ದಲು ಜಾಗವೇ ಇಲ್ಲವೆಂಬುದು ಪುಸ್ತಕ ತೆರೆಯದೆ ತಿಳಿಯುತ್ತದೆ.

ಕೋಟೆಯ ತೆನೆಗಳಲ್ಲಿನ ಕಿಂಡಿಗಳದ್ದು ಇನ್ನೂ ಸೂಕ್ಷ್ಮವಾದ ಜಾಣ್ಮೆ. ಒಂದಕ್ಕೆ ಕಣ್ಣಿಟ್ಟರೆ ದೂರದ ಬಯಲು ಕಾಣುತ್ತದೆ. ಪಕ್ಕದ್ದರಲ್ಲಿ ಗೋಡೆಯ ಬುಡ. ಕೆಳಗೆ ನಿಂತ ಗೆಳೆಯ ಎಲ್ಲಿ ಅಡಗಿದರೆ ಯಾವ ಕಿಂಡಿಗೂ ಕಾಣುವುದಿಲ್ಲ ಎಂದು ಮೇಲಿನಿಂದ ಹುಡುಕುವುದು ಮಕ್ಕಳಿಗೆ ಕಣ್ಣಾಮುಚ್ಚಾಲೆ. ಆಟ ಮುಗಿದ ಮೇಲೆ ಹಾಳೆಯಲ್ಲಿ ಪ್ರತಿ ಕಿಂಡಿಯ ನೋಟವನ್ನು ಗೆರೆಯಾಗಿ ಎಳೆದರೆ, ಗೆರೆಗಳು ಒಂದನ್ನೊಂದು ದಾಟಿ ಬಲೆಯಾಗುತ್ತವೆ. ಕಟ್ಟಿದವನ ಲೆಕ್ಕಾಚಾರ ಕಣ್ಣೆದುರು ಮೂಡುತ್ತದೆ.

ಒನಕೆ ಕಿಂಡಿಯಲ್ಲಿ ಕಥೆ ಮೈಗೆ ತಾಗುತ್ತದೆ. ಬಂಡೆಗಳ ನಡುವಿನ ಆ ಇಕ್ಕಟ್ಟಿನಲ್ಲಿ ಒಬ್ಬೊಬ್ಬರೇ ಮೈ ಕುಗ್ಗಿಸಿ ನುಸುಳಬೇಕು. ಹಾಗೆ ನುಸುಳುವಾಗ ಮೊದಲು ಹೊರಬರುವುದು ತಲೆ. ಸೈನ್ಯ ಎಷ್ಟು ದೊಡ್ಡದಿದ್ದರೂ ಇಲ್ಲಿ ಅದು ಒಬ್ಬನೇ ಆಳು. ನೀರಿಗೆ ಬಂದ ಓಬವ್ವ ಒನಕೆಯೊಂದನ್ನೇ ಹಿಡಿದು ಹೈದರಾಲಿಯ ಸೈನಿಕರನ್ನು ತಡೆದಳೆಂಬುದನ್ನು ಬಾಲ್ಯದಿಂದ ಕೇಳಿದ್ದೇವೆ. ಕಿಂಡಿ ದಾಟಿ ಬಂದ ಮಗುವಿಗೆ ಅವಳ ಧೈರ್ಯದ ಜೊತೆ ಅವಳು ನಿಂತ ಜಾಗದ ಮಹತ್ವವೂ ಅರ್ಥವಾಗುತ್ತದೆ.

ಕತ್ತಿ, ಕೋವಿ ಎಷ್ಟಿದ್ದರೂ ನೀರಿಲ್ಲದೆ ಮುತ್ತಿಗೆ ತಾಳಲಾಗದು. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುವ ಹಾದಿಯನ್ನು ಮಕ್ಕಳು ನಡೆದೇ ಗುರುತಿಸಬಹುದು. ಮದ್ದು ಬೀಸುವ ಭಾರಿ ಕಲ್ಲುಗಳ ಸುತ್ತ ಕೂತರೆ ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮಾತು ತಾನಾಗಿ ಬರುತ್ತದೆ. ಯುದ್ಧದ ಹಿಂದೆ ಕಲ್ಲುಕುಟಿಗರ, ಮದ್ದು ಅರೆಯುವವರ, ನೀರು ಹೊರುವವರ ಬೆವರೂ ಇದೆಯೆಂಬುದು ಅಲ್ಲಿ ಮನಸ್ಸಿಗೆ ಇಳಿಯುತ್ತದೆ.

ಇಷ್ಟೆಲ್ಲ ಜಾಣ್ಮೆಯಿದ್ದೂ 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ದೊರೆ ಮದಕರಿ ನಾಯಕ ಸೆರೆಯಾಳಾದ. ದುರ್ಗದ ಬೇಡರನ್ನು ದೊಡ್ಡ ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಆಟದ ಕೊನೆಗೆ ಮಕ್ಕಳನ್ನು ಕೂರಿಸಿ ಇದನ್ನೂ ಹೇಳಲೇಬೇಕು. ಗೆದ್ದವರ ಕೇಕೆ ಒಂದನ್ನೇ ಕಲಿತ ಮಗು ಇತಿಹಾಸ ಕಲಿತಂತಲ್ಲ. ಮನೆ ಬಿಟ್ಟು ನಡೆದವರ ಸಂಕಟವೂ ಅದೇ ಪಾಠದ ಭಾಗ.

ಪ್ರವಾಸಕ್ಕೆ ಹೊರಡುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ಒಂದೇ ದಿನದಲ್ಲಿ ಐದು ಊರು ಸುತ್ತಿಸುವ ಆತುರ ಬೇಡ. ಮಕ್ಕಳ ಕೈಗೆ ಹಾಳೆ, ಪೆನ್ಸಿಲ್, ಅಳತೆ ಟೇಪು ಕೊಟ್ಟು ಅರ್ಧ ದಿನ ಕೋಟೆಯಲ್ಲೇ ಬಿಡಿ. ಅವರು ಕೇಳುವ ಪ್ರಶ್ನೆಗಳಿಗೆ ಕಿವಿಗೊಡಿ.