ಕುದುರೆಯೇರಿದ ಬೆರ್ಮೆರ್: ಲೋಹಬಿಂಬದ ಓದಿನ ತೊಡಕುಗಳು

ಮಂಗಳೂರಿನ ಕಂಕನಾಡಿಯ ಬ್ರಹ್ಮ ಬೈದರ್ಕಳ ಗರಡಿಯೂ ಸೇರಿದಂತೆ ತುಳುನಾಡಿನ ಗರಡಿಗಳಲ್ಲಿ ಕೋಟಿ-ಚೆನ್ನಯರೊಂದಿಗೆ ಆರಾಧನೆಗೊಳ್ಳುವ ಪ್ರಧಾನ ಶಕ್ತಿ ಬೆರ್ಮೆರ್. ಕುದುರೆಯೇರಿ ಖಡ್ಗ ಹಿಡಿದ ಸವಾರನಾಗಿ ಈ ದೈವವನ್ನು ಮರದಲ್ಲಿಯೂ ಲೋಹದಲ್ಲಿಯೂ ರೂಪಿಸುವ ಪರಂಪರೆಯಿದೆ. ಇಂಥ ಕಂಚಿನ ಬಿಂಬವೊಂದು ನೆಲೆ ಬಿಟ್ಟು ಸಂಗ್ರಾಹಕರ ಕಪಾಟು ಸೇರಿದರೆ 'ಅಶ್ವಾರೋಹಿ ಯೋಧ' ಎಂಬ ಹೆಸರು ಸುಲಭವಾಗಿ ಅಂಟಿಕೊಳ್ಳುತ್ತದೆ. ಹೆಸರು ಪೂರ್ಣ ತಪ್ಪಲ್ಲ. ಆದರೆ ಬಿಂಬವನ್ನು ಅರಿಯುವ ದಾರಿಯನ್ನೇ ಅದು ಮುಚ್ಚುತ್ತದೆ.

ಸಂಗ್ರಹಕ್ಕೆಂದೇ ಹುಟ್ಟಿದ ಅಶ್ವಾರೋಹಿಯೊಂದಿಗೆ ಹೋಲಿಸಿದರೆ ಈ ಮಾತು ಸ್ಪಷ್ಟವಾದೀತು. ಜಪಾನಿನಲ್ಲಿ 1876ರ ಆಜ್ಞೆಯು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿಯ ಹಿಡಿಗೆ ಕುಸುರಿ ಮಾಡುತ್ತಿದ್ದ ಲೋಹಶಿಲ್ಪಿಗಳಲ್ಲಿ ಅನೇಕರು ಪಾಶ್ಚಾತ್ಯ ಕೊಳ್ಳುಗರಿಗಾಗಿ ಅಲಂಕಾರದ ವಸ್ತುಗಳನ್ನು ಮಾಡತೊಡಗಿದರು. ಸಮುರಾಯ್ ವರ್ಗ ಅಧಿಕಾರ ಕಳೆದುಕೊಂಡ ಮೇಲೆಯೇ ಅದರ ಕಂಚಿನ ಪ್ರತಿಮೆಗೆ ಬೇಡಿಕೆ ಬಂದದ್ದು ಗಮನಾರ್ಹ. ಅಲ್ಲಿ ಕುದುರೆಯ ಸ್ನಾಯು, ಕವಚದ ಹೆಣಿಗೆ, ಸವಾರನ ಬಾಗು ಎಲ್ಲವೂ ಸುತ್ತ ತಿರುಗಿ ನೋಡುವ ಕಣ್ಣಿಗಾಗಿ. ಟೋಕಿಯೋದ ಅರಮನೆಯ ಮುಂದೆ 1900ರಲ್ಲಿ ನಿಂತ ಕುಸುನೊಕಿ ಮಸಾಶಿಗೆಯ ಬೃಹತ್ ಪ್ರತಿಮೆಯಲ್ಲಿ ಕುದುರೆಯನ್ನು ರೂಪಿಸಲು ಗೋತೊ ಸದಾಯುಕಿ ಎಂಬ ಬೇರೆ ಶಿಲ್ಪಿಯೇ ಇದ್ದನು.

ಇದೇ ಅಳತೆಗೋಲನ್ನು ಬೆರ್ಮೆರಿಗೆ ಹಿಡಿದರೆ ಸಿಗುವುದು 'ಒರಟು ಕೆಲಸ' ಎಂಬ ತೀರ್ಪು ಮಾತ್ರ. ಇಲ್ಲಿ ಸವಾರನೇ ಹಿರಿದು. ಕುದುರೆ ಬಹುಮಟ್ಟಿಗೆ ಪೀಠದ ಕೆಲಸ ಮಾಡುತ್ತದೆ. ದೀಪದ ಬೆಳಕಿನಲ್ಲಿ, ಹೂವಿನ ನಡುವೆ, ಎದುರಿನಿಂದ ಕಾಣಬೇಕಾದ ಬಿಂಬಕ್ಕೆ ಓಟದ ಭ್ರಮೆ ಅನಗತ್ಯ.

ಬೆರ್ಮೆರ್ ಯಾರು ಎಂಬುದರ ಚರ್ಚೆಯೂ ಇಲ್ಲಿಗೆ ಸೇರುತ್ತದೆ. ಚತುರ್ಮುಖ ಬ್ರಹ್ಮನೊಂದಿಗೆ ಹೆಸರಿನ ಸಾಮ್ಯ, ಜೈನ ಬಸದಿಗಳ ಬ್ರಹ್ಮಯಕ್ಷನೊಂದಿಗೆ ಕುದುರೆಯ ಸಾಮ್ಯ, ನಾಗಬ್ರಹ್ಮನೊಂದಿಗೆ ಆರಾಧನೆಯ ಸಾಮ್ಯ ಇವೆ. ಕುದುರೆಯೊಂದನ್ನೇ ನೆಚ್ಚಿ ನಿರ್ಣಯಕ್ಕೆ ಬರುವುದು ದುಡುಕು. ಆಲಡೆಗಳಲ್ಲಿ ಬೆರ್ಮೆರೊಡನೆ ನಾಗ, ರಕ್ತೇಶ್ವರಿ, ನಂದಿಗೋಣ, ಕ್ಷೇತ್ರಪಾಲರ ಸನ್ನಿಧಿ ಇರುತ್ತದೆ. ಗುರುತಿಗೆ ಬಲವಾದ ಆಧಾರ ಈ ಸಹವಾಸ. ಬಿಂಬ ಒಂಟಿಯಾದೊಡನೆ ಕಳೆದುಹೋಗುವುದೂ ಅದೇ.

ಕಾಲನಿರ್ಣಯದ ಕಷ್ಟ ಬೇರೆ. ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಗೆ ಆಳುಪ ಅರಸ ಕುಂದವರ್ಮನ 968ರ ಶಾಸನವಿದೆ. ಶಾಸನವಿಲ್ಲದ ಸವಾರ ಬಿಂಬಗಳಿಗೆ ಶೈಲಿಯೊಂದರಿಂದಲೇ ಶತಮಾನ ನಿಗದಿಪಡಿಸುವುದು ಊಹೆಯಷ್ಟೇ. ದೈವಶಿಲ್ಪ ಹಳೆಯ ಮಾದರಿಯನ್ನು ಬೇಕೆಂದೇ ಮರಳಿ ಎರೆಯುವ ಕಲೆ.

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯು ನೂರು ವರ್ಷ ಮೀರಿದ ಶಿಲ್ಪಗಳ ಖಾಸಗಿ ರಫ್ತನ್ನು ತಡೆಯುತ್ತದೆ. ದೇಶದೊಳಗೇ ನೆಲೆ ತಪ್ಪಿದ ಬಿಂಬದ ಹಿನ್ನೆಲೆಯನ್ನು ಅದು ಉಳಿಸಿಕೊಡಲಾರದು. ಜೀರ್ಣೋದ್ಧಾರದಲ್ಲಿ ಸವೆದ ಬಿಂಬವನ್ನು ಕೆಳಗಿಳಿಸಿ ಹೊಸದನ್ನು ಪ್ರತಿಷ್ಠಿಸುವ ದಿನಗಳು ಈ ದೃಷ್ಟಿಯಿಂದ ನಿರ್ಣಾಯಕ. ಯಾವ ಗುಂಡದ್ದು, ಯಾವ ಮುಖವಾಗಿತ್ತು, ಬಳಿಯಲ್ಲಿ ಯಾರಿದ್ದರು, ಯಾವ ಪಾಡ್ದನ ಅದರೆದುರು ಹಾಡಲ್ಪಡುತ್ತಿತ್ತು ಎಂಬುದನ್ನು ಅಲ್ಲಿನ ಹಿರಿಯರು ಆಗಿನ್ನೂ ಹೇಳಬಲ್ಲರು.