ಅವನ ಸ್ವಭಾವಾನೇ ಹಾಗಾ?

ಹೋದ ಸಲದ ಅಪ್ರೈಸಲ್‌ನಲ್ಲಿ ನಮ್ಮ ಟೀಮಿನ ಹುಡುಗನೊಬ್ಬನ ಬಗ್ಗೆ 'ಜವಾಬ್ದಾರಿ ಕಮ್ಮಿ' ಅಂತ ಬರೆದೆ. ಎರಡು ಸಲ ಡೆಡ್‌ಲೈನ್ ತಪ್ಪಿಸಿದ್ದ. ಅದನ್ನು ಸಬ್‌ಮಿಟ್ ಮಾಡಿದ ದಿನ ನಾನೇ ಮೀಟಿಂಗಿಗೆ ಇಪ್ಪತ್ತು ನಿಮಿಷ ಲೇಟು. ಯಾಕೆ ಅಂದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಅಂದೆ. ಅವನು ತಡ ಮಾಡಿದರೆ ಸ್ವಭಾವ, ನಾನು ಮಾಡಿದರೆ ಟ್ರಾಫಿಕ್ಕು!

ಈ ಲೆಕ್ಕದ ಮೊದಲರ್ಧಕ್ಕೆ ಸೈಕಾಲಜಿಯ ಮೊದಲ ವರ್ಷದ ಪುಸ್ತಕಗಳಲ್ಲಿ ಒಂದು ಹೆಸರಿದೆ: 'ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್'. ಬೇರೆಯವರ ನಡತೆಗೆ ಕಾರಣ ಹುಡುಕುವಾಗ ಅವರ ಗುಣಕ್ಕೆ ಹೆಚ್ಚು, ಅವರಿರೋ ಪರಿಸ್ಥಿತಿಗೆ ಕಡಿಮೆ ತೂಕ ಕೊಡೋದು ಅಂತ ಅರ್ಥ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಅಮೆರಿಕದ ವಿದ್ಯಾರ್ಥಿಗಳಿಗೆ ಕ್ಯೂಬಾದ ಕ್ಯಾಸ್ಟ್ರೋ ಬಗ್ಗೆ ಪ್ರಬಂಧಗಳನ್ನು ಓದಿಸಿದರು. ಪರವೋ ವಿರೋಧವೋ ಅನ್ನೋದನ್ನು ಬರೆದವನು ಆರಿಸಿಕೊಂಡಿರಲಿಲ್ಲ, ಬೇರೆಯವರು ಹೇಳಿ ಬರೆಸಿದ್ದು ಅಂತ ತಿಳಿಸಿದ ಮೇಲೂ, ಪರವಾಗಿ ಬರೆದವನು ಒಳಗೂ ಸ್ವಲ್ಪ ಕ್ಯಾಸ್ಟ್ರೋ ಪರವೇ ಇರಬೇಕು ಅಂತ ಓದಿದವರು ಅಂದುಕೊಂಡರು. ಹತ್ತು ವರ್ಷದ ನಂತರ, 1977ರಲ್ಲಿ, ಲೀ ರಾಸ್ ಈ ತಪ್ಪಿಗೆ ಆ ಹೆಸರಿಟ್ಟರು.

ನನ್ನ ಮೊದಲ ತಕರಾರು ಆ 'ಫಂಡಮೆಂಟಲ್' ಪದದ ಮೇಲೆ. ಯಾರಿಗೆ ಮೂಲಭೂತ? ಇದಕ್ಕೆ ಉತ್ತರ ನಮ್ಮ ಮೈಸೂರಲ್ಲೇ ಇದೆ. ಜೋನ್ ಮಿಲ್ಲರ್ ಅನ್ನೋ ಸಂಶೋಧಕಿ ಷಿಕಾಗೋದವರನ್ನೂ ಮೈಸೂರಿನವರನ್ನೂ ಹೋಲಿಸಿ ಮಾಡಿದ ಅಧ್ಯಯನ 1984ರಲ್ಲಿ ಪ್ರಕಟವಾಯ್ತು. ನಿಮಗೆ ಗೊತ್ತಿರುವವರು ಮಾಡಿದ ಒಳ್ಳೇ ಕೆಲಸ, ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರು ಹೇಳಿ ಅಂತ ಮಕ್ಕಳನ್ನೂ ದೊಡ್ಡವರನ್ನೂ ಕೇಳಿದರು. ಅಮೆರಿಕದ ದೊಡ್ಡವರು 'ಅವನ ಗುಣವೇ ಅಂಥದ್ದು' ಅನ್ನೋ ಕಡೆ ವಾಲಿದರೆ, ಮೈಸೂರಿನವರು ಸಂದರ್ಭ, ಸಂಬಂಧ, ಕರ್ತವ್ಯ ಅಂತ ಕಾರಣ ಕೊಟ್ಟರು. ಎಂಟು ವರ್ಷದ ಮಕ್ಕಳಲ್ಲಿ ಮಾತ್ರ ಹೆಚ್ಚು ವ್ಯತ್ಯಾಸ ಇರಲಿಲ್ಲ. ವಯಸ್ಸಾಗುತ್ತಾ ಅಂತರ ಬೆಳೆದಿತ್ತು. ಅಂದರೆ ಇದು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು.

ಆ ಅಧ್ಯಯನದಲ್ಲಿ ಒಂದು ಮೋಟರ್‌ಸೈಕಲ್ ಕಥೆ ಬರುತ್ತೆ. ಟೈರ್ ಸಿಡಿದು ಹಿಂದೆ ಕೂತವನಿಗೆ ತಲೆಗೆ ಪೆಟ್ಟು. ಓಡಿಸುತ್ತಿದ್ದವನು ವಕೀಲ. ಗಾಯಾಳುವನ್ನು ಆಸ್ಪತ್ರೆಗೆ ಬಿಟ್ಟು ತನ್ನ ಕೋರ್ಟ್ ಕೆಲಸಕ್ಕೆ ಹೋಗಿಬಿಡ್ತಾನೆ. 'ಬೇಜವಾಬ್ದಾರಿ ಮನುಷ್ಯ' ಅನ್ನೋದು ಷಿಕಾಗೋ ಧಾಟಿ. 'ಕಕ್ಷಿದಾರ ಕಾಯ್ತಿದ್ದನಲ್ಲ, ಗಾಬರಿಯೂ ಆಗಿರಬೇಕು' ಅನ್ನೋದು ಮೈಸೂರು ಧಾಟಿ.

ಎರಡನೇ ತಕರಾರು ನಮ್ಮವರ ಮೇಲೆ. ಇಂಥ ಅಧ್ಯಯನ ಸಿಕ್ಕರೆ ಟ್ರೇನಿಂಗ್ ಸ್ಲೈಡಿನಲ್ಲಿ ಅದು 'ಪಶ್ಚಿಮದವರು ವ್ಯಕ್ತಿ ನೋಡ್ತಾರೆ, ಭಾರತೀಯರು ಸಂದರ್ಭ ನೋಡ್ತಾರೆ' ಅಂತ ಒಂದು ಸಾಲಾಗುತ್ತೆ. ನಾವೂ ಎದೆ ಉಬ್ಬಿಸಿಕೊಳ್ತೀವಿ. ನಮ್ಮೂರಿನ ಅನುಭವ ಈ ಸಾಲಿಗೆ ಪೂರ್ತಿ ಹೊಂದಲ್ಲ.

ನಮ್ಮೂರು ರಾಯಚೂರು ಕಡೆಯ ಗುಂಜಹಳ್ಳಿ. ದೇವದುರ್ಗ, ಮಾನ್ವಿ ಸೀಮೆಯಿಂದ ಎಷ್ಟೋ ಮನೆಗಳವರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರ್ತಾರೆ. ಅಂಥ ಹುಡುಗ ಸಾಲಿ ಬಿಟ್ಟರೆ ಊರಲ್ಲಿ ಅವನನ್ನು ದಡ್ಡ ಅನ್ನಲ್ಲ. 'ಏನ್ ಮಾಡ್ತಾರ, ಹೊಟ್ಟಿಪಾಡು' ಅಂತಾರೆ. ಅದೇ ಹುಡುಗ ನಮ್ಮ ಆಫೀಸಿನ ಪಕ್ಕದ ಸೈಟಿನಲ್ಲಿ ಮರಳಲ್ಲಿ ಆಡುತ್ತಿದ್ದರೆ, ಕಾಫಿ ಕಪ್ ಹಿಡಿದು ಕಿಟಕಿಯಲ್ಲಿ ನಿಂತ ನಾವು 'ಇವರಿಗೆ ಓದಿನ ಬೆಲೆ ಗೊತ್ತಿಲ್ಲ' ಅಂತೀವಿ. ಹೀಗಂದವರು ಯಾರೂ ಷಿಕಾಗೋದವರಲ್ಲ.

ಊರನ್ನೂ ಹೊಗಳಿ ಕೂರೋ ಹಾಗಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ಕುಡಿದು ಬಂದು ಹೆಂಡತಿಗೆ ಹೊಡೀತಿದ್ದ. 'ಮಳಿ ಇಲ್ಲ, ಸಾಲ ಐತಿ, ತಲಿ ಕೆಟ್ಟೈತಿ ಪಾಪ' ಅಂತ ಕಟ್ಟೆಯಲ್ಲಿ ಅವನಿಗೊಂದು ಸಂದರ್ಭ ಸಿಗ್ತಿತ್ತು. ಆಕೆ ಒಂದಿನ ತಿರುಗಿ ಮಾತಾಡಿದಳು. 'ಆಕಿ ಬಾಯೇ ಅಂಥಾದ್ದು' ಅಂದರು. ನಮ್ಮ ಅವ್ವ ಮಾತ್ರ, "ಅಲ್ಲೋ ತಮ್ಮಾ, ಸಾಲ ಅವನೊಬ್ಬಗಷ್ಟೇ ಐತೇನು? ಆಕಿಗಿಲ್ಲೇನು?" ಅಂದಿದ್ದಳು.

ಪಠ್ಯಪುಸ್ತಕಕ್ಕೆ ಸೇರಬೇಕಾದ ಪ್ರಶ್ನೆ ಅವ್ವನದು. ಯಾವ ದೇಶದವರು ಸಂದರ್ಭ ನೋಡ್ತಾರೆ ಅನ್ನೋದರ ಜೊತೆಗೆ, ಒಂದೇ ಓಣಿಯಲ್ಲಿ, ಒಂದೇ ಆಫೀಸಿನಲ್ಲಿ ಯಾರಿಗೆ ಸಂದರ್ಭ ಸಿಗುತ್ತೆ, ಯಾರಿಗೆ ಬರೀ ಸ್ವಭಾವ ಸಿಗುತ್ತೆ ಅಂತಾನೂ ಕೇಳಬೇಕು. ಮೇಲಿರೋರಿಗೆ ಕಾರಣಗಳಿರ್ತವೆ, ಕೆಳಗಿರೋರಿಗೆ ಗುಣಗಳು ಮಾತ್ರ. ಮಿಲ್ಲರ್ ಕೇಳಿದ್ದು ಒಂದು ನಗರದ ಜನರನ್ನ. ಅದನ್ನು ಇಡೀ ದೇಶದ ಗುಣ ಅಂತ ಓದಿದರೆ ನಾವು ಅದೇ ಎರರನ್ನ ದೇಶಗಳ ಮೇಲೆ ಮಾಡಿದಂಗೆ.

ಇಷ್ಟೆಲ್ಲ ಓದಿಕೊಂಡು ಆ ಹುಡುಗನನ್ನು ಟೀಗೆ ಕರೆದೆ. ಇನ್ನೊಂದು ಪ್ರಾಜೆಕ್ಟಿನವರು ನನಗೆ ಹೇಳದೆ ಅವನಿಂದ ಎರಡು ತಿಂಗಳು ಕೆಲಸ ಮಾಡಿಸಿಕೊಂಡಿದ್ದರಂತೆ. "ಮೊದಲೇ ಯಾಕೆ ಹೇಳಲಿಲ್ಲ?" ಅಂದೆ. "ನೀವು ಕೇಳಲಿಲ್ಲ ಸರ್" ಅಂದ.

ಅಷ್ಟೊತ್ತಿಗೆ ರೇಟಿಂಗ್ ಲಾಕ್ ಆಗಿತ್ತು. ಎಚ್‌ಆರ್‌ಗೆ ಮೇಲ್ ಬರೆದೆ. ಮುಂದಿನ ವರ್ಷ ನೋಡೋಣ ಅಂತ ಉತ್ತರ ಬಂತು. ಅವನ ಫೈಲಿನಲ್ಲಿ 'ಜವಾಬ್ದಾರಿ ಕಮ್ಮಿ' ಅನ್ನೋದು ಈಗಲೂ ಹಾಗೇ ಇದೆ, ನನ್ನ ಹೆಸರಿನಲ್ಲಿ.